ಬಂದ ದಿನ, ಹೋದ ದಿನ

ಹದಿಮೂರನೆಯ ಪುಟ ಆದಮೇಲೆ ಹದಿನಾರು ಬಂತು. ಭಾನುಮತಿ ಹಾಳೆಗಳನ್ನು ನೆಲಕ್ಕೆ ಕುಟ್ಟಿ ಅಂಚು ಸರಿಮಾಡಿ, ಬೆರಳಿಗೆ ನಾಲಿಗೆ ತಾಗಿಸಿಕೊಂಡು ಮೊದಲಿನಿಂದ ಎಣಿಸಿದಳು. ಗಂಡನ ಪಾಸ್‌ಪೋರ್ಟಿನ ಜೆರಾಕ್ಸ್ ಅದು, ಹಾಳೆಗೆ ಎರಡು ಪುಟದಂತೆ. ಹತ್ತು-ಹನ್ನೊಂದು ಇತ್ತು, ಹನ್ನೆರಡು-ಹದಿಮೂರು ಇತ್ತು, ಆಮೇಲೆ ನೇರವಾಗಿ ಹದಿನಾರು-ಹದಿನೇಳು. ನಡುವಿನ ಹಾಳೆ ಬೇರೆ ಯಾವುದಕ್ಕೂ ಅಂಟಿಕೊಂಡಿರಲಿಲ್ಲ, ಕವರಿನ ತಳದಲ್ಲೂ ಉಳಿದಿರಲಿಲ್ಲ.

"ರೀ, ಇದರಲ್ಲಿ ಒಂದು ಹಾಳೆ ಇಲ್ವಲ್ಲ?"

ಬಚ್ಚಲಿನಲ್ಲಿ ನೀರಿನ ಸದ್ದು ಒಂದು ಗಳಿಗೆ ನಿಂತಿತು. ಗುರುವಾರ ಅರ್ಧ ದಿನದ ಕೆಲಸ ಮುಗಿಸಿ ಯತಿರಾಜ್ ಕತಾರಿನ ಕಾರ್ಖಾನೆಗಳ ಊರು ಮೆಸಯೀದಿನಿಂದ ಕಂಪನಿ ಬಸ್ಸಿನಲ್ಲಿ ಆಗಷ್ಟೇ ಬಂದಿದ್ದ. ಕವರನ್ನು ಅವಳ ಕೈಗಿಟ್ಟು, ಕಾಫಿಯನ್ನೂ ಕೇಳದೆ ಸ್ನಾನಕ್ಕೆ ಹೋಗಿದ್ದ.

"ಖಾಲಿ ಪುಟ ಇರ್ಬೇಕು ಬಿಡು," ಒಳಗಿನಿಂದ ಧ್ವನಿ ಬಂತು. "ಖಾಲಿದಕ್ಕೆ ಯಾಕೆ ಅಂತ ಅಂಗಡಿಯವನು ಬಿಟ್ಟಿರ್ತಾನೆ."

ಭಾನುಮತಿ ಕಟ್ಟಿನ ಕೊನೆಗೆ ಹೋದಳು. ಇಪ್ಪತ್ತಾರರಿಂದ ಮೂವತ್ತಾರರವರೆಗೆ ಒಂದು ಮುದ್ರೆಯೂ ಇಲ್ಲದ ಬೋಳು ಪುಟಗಳನ್ನೆಲ್ಲ ಅದೇ ಅಂಗಡಿಯವನು ಬಲು ನಿಷ್ಠೆಯಿಂದ ಜೆರಾಕ್ಸ್ ಮಾಡಿದ್ದ. ಅವಳು ಆ ಹಾಳೆಗಳನ್ನು ಮಗುಚಿ ಪಕ್ಕಕ್ಕಿಟ್ಟಳು.

ಅನುಮಾನ ಅವಳಿಗೆ ಹುಟ್ಟುಗುಣ ಎಂದು ಅತ್ತೆ ಹೇಳುತ್ತಿದ್ದುದುಂಟು. ಪೂರಾ ನಿಜವಲ್ಲ, ಅರ್ಧ ನೌಕರಿಯಿಂದ ಬಂದದ್ದು. ಮೈಸೂರಿನ ಒಂದು ಸಹಕಾರಿ ಬ್ಯಾಂಕಿನಲ್ಲಿ ಹನ್ನೊಂದು ವರ್ಷ ಅವಳು ಚೆಕ್ಕಿನ ಸಹಿ ತಾಳೆ ನೋಡುವ ಕುರ್ಚಿಯಲ್ಲಿ ಕೂತಿದ್ದಳು. ಹಳೆಯ ಮ್ಯಾನೇಜರರು ಮೊದಲ ದಿನವೇ ಹೇಳಿಕೊಟ್ಟಿದ್ದರು: ಒಬ್ಬನೇ ಮನುಷ್ಯ ಹಾಕಿದ ಎರಡು ಸಹಿ ಎಂದೂ ಒಂದೇ ಥರ ಇರುವುದಿಲ್ಲಮ್ಮ, ತದ್ವತ್ ಹೊಂದಿದರೆ ಅದು ಕಳ್ಳ ಸಹಿ. ಅಂದಿನಿಂದ ಭಾನುಮತಿಗೆ ಸರಿಯಿಲ್ಲದ್ದರ ಮೇಲೆ ಹೇಗೋ ಹಾಗೆ ಅತಿ ಸರಿಯಿದ್ದುದರ ಮೇಲೂ ಗುಮಾನಿ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹಾಲಿನವನ ಮುಂದೆಯೇ ಹೇಳಿದವಳು. ತರಕಾರಿಯವನ ತಕ್ಕಡಿಯನ್ನು ಖಾಲಿಯಾಗಿ ಎತ್ತಿಸಿ ನೋಡಿದವಳು. ಊರಿನಲ್ಲಿ ಒಮ್ಮೆ ಐದು ವರ್ಷದ ಮಗಳು ಏನೋ ಕಟ್ಟುಕತೆ ಹೇಳಿದಳೆಂದು ನಡುಬೀದಿಯಲ್ಲೇ ಕೆನ್ನೆಗೆ ಬಾರಿಸಿದ್ದೂ ಉಂಟು. ಇಷ್ಟೆಲ್ಲ ಇದ್ದರೂ ಗಂಡನ ಮೇಲೆ ಮಾತ್ರ ಇದುವರೆಗೆ ಅವಳ ಭೂತಕನ್ನಡಿ ತಿರುಗಿರಲಿಲ್ಲ. ಆತ ದೂರದಲ್ಲಿದ್ದ ಎಂಟು ವರ್ಷವೂ ತಿಂಗಳು ತಪ್ಪದೆ ಕಾಗದ ಬರೆದವನು, ವಾರ ತಪ್ಪದೆ ಫೋನು ಮಾಡಿದವನು. ಈ ವರ್ಷ ಫೆಬ್ರವರಿಯಲ್ಲಿ ಫ್ಯಾಮಿಲಿ ವೀಸಾ ಮಾಡಿಸಿ, ಅವಳನ್ನೂ ಮಗಳನ್ನೂ ದೋಹಾದ ನಜ್ಮಾ ಬಡಾವಣೆಯ ಈ ಎರಡು ಕೋಣೆಯ ಮನೆಗೆ ಕರೆತಂದವನು.

ಜೆರಾಕ್ಸಿನ ಪ್ರಸಂಗ ಬಂದದ್ದು ಮೈಸೂರಿನ ಆಡಿಟರ್ ದೊರೆಸ್ವಾಮಿಯವರ ಕಾಗದದಿಂದ. ಎರಡು ವರ್ಷದ ಹಿಂದೆ ಗಂಡಹೆಂಡತಿ ಇಬ್ಬರ ಹೆಸರಿನಲ್ಲೂ ಶ್ರೀರಾಂಪುರದಲ್ಲಿ ಒಂದು ಸೈಟು ಕೊಂಡಿದ್ದರು. ಕೊಂಡದ್ದು ಹೇಗೆ ಎಂದು ಆದಾಯ ತೆರಿಗೆ ಕಚೇರಿ ಈಗ ಇಬ್ಬರಿಗೂ ನೋಟಿಸು ಕಳಿಸಿತ್ತು. ದೊರೆಸ್ವಾಮಿಯವರು ಗುಂಡು ಅಕ್ಷರದಲ್ಲಿ ಬರೆದಿದ್ದರು: ಗಂಡಹೆಂಡತಿ ಒಂದೇ ಫಾರಂ ತುಂಬುವ ಹಾಗಿಲ್ಲ, ಅವರವರದು ಅವರವರಿಗೆ. ತಾಯಿ, ನಿಮ್ಮದಕ್ಕೆ ತೊಂದರೆಯಿಲ್ಲ, ಆ ವರ್ಷ ಪೂರ್ತಿ ಮೈಸೂರಿನಲ್ಲೇ ಇದ್ದಿರಿ, 'ರೆಸಿಡೆಂಟ್' ಎಂದು ಬರೆಯಿರಿ. ಯಜಮಾನರು ೧೯೯೬ರ ಏಪ್ರಿಲ್ ಒಂದರಿಂದ ೯೭ರ ಮಾರ್ಚ್ ಮೂವತ್ತೊಂದರೊಳಗೆ ಇಂಡಿಯಾದಲ್ಲಿ ಒಟ್ಟು ಎಷ್ಟು ದಿನ ಇದ್ದರೆಂದು ಲೆಕ್ಕ ಹಾಕಬೇಕು. ನೂರ ಎಂಬತ್ತೆರಡಕ್ಕಿಂತ ಕಡಿಮೆಯಾದರೆ 'ನಾನ್ ರೆಸಿಡೆಂಟ್', ಗಲಾಟೆಯಿಲ್ಲ. ಅಷ್ಟಾದರೆ ಅಥವಾ ಮೇಲಾದರೆ ಅವರೂ 'ರೆಸಿಡೆಂಟ್', ಅಲ್ಲಿನ ಸಂಬಳಕ್ಕೂ ಇಲ್ಲಿ ಉತ್ತರ ಹೇಳಬೇಕಾಗಿ ಬರಬಹುದು. ಪಾಸ್‌ಪೋರ್ಟಿನ ಪ್ರತಿ ಪುಟದ ನಕಲು ಕಳಿಸತಕ್ಕದ್ದು.

ಹೀಗೆ, ಒಂದೇ ಅಗ್ನಿಯನ್ನು ಜೊತೆಯಾಗಿ ಸುತ್ತಿದವರನ್ನು ತೆರಿಗೆಯವರು ಬೇರೆ ಬೇರೆ ಹಾಳೆಯಲ್ಲಿ ಕೂರಿಸಿದ್ದರು. ಭಾನುಮತಿ ನಕ್ಕಿದ್ದಳು ಕೂಡ. ಗಂಡನ ಲೆಕ್ಕ ಅವಳಿಗೆ ಬಾಯಿಪಾಠ. ಆ ವರ್ಷ ಅವನು ರಜಕ್ಕೆ ಬಂದದ್ದು ಮೇ ಎರಡಕ್ಕೆ, ಹೋದದ್ದು ಜೂನ್ ಮೂವತ್ತಕ್ಕೆ. ಅರವತ್ತು ದಿನ. ಅರವತ್ತೆಲ್ಲಿ, ನೂರ ಎಂಬತ್ತೆರಡೆಲ್ಲಿ! ಹಾಗಿದ್ದ ಮೇಲೆ ಆ ಹಾಳೆಯನ್ನು ಮುಚ್ಚಿಡುವ ಅಗತ್ಯವಾದರೂ ಏನು?

ಅವಳು ಹದಿನಾರನೆಯ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ದೋಹಾ ವಿಮಾನ ನಿಲ್ದಾಣದ ಮುದ್ರೆ, ಒಳಗೆ ಬಂದದ್ದಕ್ಕೆ: ೧೭ ಮಾರ್ಚ್ ೧೯೯೭. ಜೂನ್ ಮೂವತ್ತಕ್ಕೆ ಊರಿನಿಂದ ಹೊರಟವನು ಜುಲೈಯಲ್ಲಿ ದೋಹಾದಲ್ಲಿರಬೇಕು, ಇದ್ದ, ಆ ಮುದ್ರೆ ಹದಿಮೂರರಲ್ಲಿತ್ತು. ಮತ್ತೆ ಮಾರ್ಚಿನಲ್ಲಿ ಇನ್ನೊಮ್ಮೆ ಒಳಗೆ ಬಂದಿದ್ದಾನೆ. ಹೊರಗೇ ಹೋಗದವನು ಒಳಗೆ ಬರುವುದು ಹೇಗೆ?

ಸಂಜೆ ಪಕ್ಕದ ಮನೆಯ ಸುಬೈದಾ ಕೊತ್ತಂಬರಿ ಸೊಪ್ಪು ಹಂಚಿಕೊಳ್ಳಲು ಬಂದಳು. ಉಳ್ಳಾಲದವಳು, ಹದಿನೈದು ವರ್ಷದಿಂದ ನಜ್ಮಾದಲ್ಲಿರುವವಳು. ಅವಳ ಗಂಡನ ಕೆಫೆಟೇರಿಯಾದಲ್ಲಿ ದೋಹಾದ ಅರ್ಧ ಸುದ್ದಿ ಚಹಾದ ಜೊತೆ ಕುದಿಯುತ್ತಿತ್ತು. ಗಂಡ ಹೊಸ ಕಂಪನಿ ಸೇರಿದ್ದು ಆ ಮಾರ್ಚಿನಲ್ಲೇ ಎಂಬುದು ನೆನಪಾಗಿ, ಭಾನುಮತಿ ಸೊಪ್ಪು ಬಿಡಿಸುತ್ತ, ಯಾರದೋ ವಿಷಯವೆಂಬಂತೆ ಕೇಳಿದಳು.

"ಇಲ್ಲಿ ಕಂಪನಿ ಬದಲಾಯಿಸ್ಬೇಕಾದ್ರೆ ಊರಿಗೆ ಹೋಗ್ಬೇಕಾ ಸುಬೈದಾ?"

"ಹೋಗ್ಬೇಕಾಗ್ತದೆ ಭಾನಕ್ಕ. ಹಳೇ ಕಂಪನಿಯ ಅರಬಿ ಒಪ್ಪಿ ಕಾಗದ ಕೊಡದಿದ್ರೆ ಖಲಾಸ್, ವೀಸಾ ಕ್ಯಾನ್ಸಲ್. ಊರಿಗೆ ಹೋಗಿ ಹೊಸ ವೀಸಾದಲ್ಲಿ ಬರ್ಬೇಕು."

"ಎಷ್ಟು ದಿನ ಹಿಡಿಯುತ್ತೆ?"

"ಅದನ್ನು ಹೇಳ್ಲಿಕ್ಕಾಗುದಿಲ್ಲ. ತಿಂಗಳೂ ಆಗ್ತದೆ, ಆರು ತಿಂಗಳೂ ಆಗ್ತದೆ." ಸುಬೈದಾ ದನಿ ಇಳಿಸಿದಳು. "ನಮ್ಮ ಕೆಫೆಟೇರಿಯಾಕ್ಕೆ ಲ್ಯಾನ್ಸ್‌ಲಾಟ್ ಅಂತ ಒಬ್ಬ ಬರ್ತಿದ್ದ, ಭಾರಿ ಪಾಪದವ. ವೀಸಾಕ್ಕೆ ಅಂತ ಬಾಂಬೆಗೆ ಹೋದವ ಅಲ್ಲಿ ಇನ್ನೊಂದು ಮನೆ ಮಾಡಿದ್ದ. ಹೆಂಡತಿಗೆ ಗೊತ್ತಾದದ್ದು ಐದು ವರ್ಷ ಆದ್ಮೇಲೆ. ಯಾಕಕ್ಕ ಕೇಳಿದ್ದು?"

"ಸುಮ್ನೆ," ಎಂದಳು ಭಾನುಮತಿ. ಬಿಡಿಸಿದ ಸೊಪ್ಪನ್ನು ಕಸಕ್ಕೂ ಕಡ್ಡಿಯನ್ನು ಪಾತ್ರೆಗೂ ಹಾಕಿದ್ದು ಸುಬೈದಾ ಹೋದಮೇಲೆ ಗೊತ್ತಾಯಿತು.

ಊಟಕ್ಕೆ ಕೂತಾಗ ಅವಳು ಗಂಡನ ತಟ್ಟೆಗೆ ಸಾರು ಬಡಿಸಿ, ಪಾಸ್‌ಪೋರ್ಟ್ ಕೊಡಿ, ಬಿಟ್ಟುಹೋದ ಹಾಳೆ ನಾಳೆ ನಾನೇ ಅಣ್ಣುವಿನ ಜೆರಾಕ್ಸ್ ಅಂಗಡಿಯಲ್ಲಿ ಮಾಡಿಸಿಕೊಂಡು ಬರುತ್ತೇನೆ ಎಂದಳು.

"ಅದನ್ನ ಆಗಲೇ ಮಂದೂಬ್ ಕೈಗೆ ವಾಪಸ್ ಕೊಟ್ಟೆ," ಎಂದ ಯತಿರಾಜ್. ಮಂದೂಬ್ ಎಂದರೆ ಕಂಪನಿಯ ಪಾಸ್‌ಪೋರ್ಟು-ವೀಸಾ ನೋಡಿಕೊಳ್ಳುವವನು. ಕೆಲಸಗಾರರ ಪಾಸ್‌ಪೋರ್ಟುಗಳೆಲ್ಲ ಅವನ ಕಬ್ಬಿಣದ ಬೀರುವಿನಲ್ಲಿರುತ್ತಿದ್ದವು. ಬೇಕಾದಾಗ ಅರ್ಜಿ ಬರೆದುಕೊಟ್ಟು ಎರಡು ಮೂರು ದಿನಕ್ಕೆ ಬಿಡಿಸಿಕೊಳ್ಳಬೇಕಿತ್ತು.

"ಶನಿವಾರದವರೆಗೆ ಇಟ್ಕೋಬಹುದು ಅಂದಿದ್ರಿ?"

"ಅವನಿಗೇನೋ ಬೇಕಿತ್ತಂತೆ." ಯತಿರಾಜ್ ಆಗಲೇ ಕಲಸಿದ್ದ ಅನ್ನವನ್ನು ಮತ್ತೊಮ್ಮೆ ಕಲಸಿದ. ತಲೆಯೆತ್ತಲಿಲ್ಲ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಭಾನುಮತಿಗೆ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವನು ಮಗಳು ಸಂಜನಾಳನ್ನು ಕರೆದುಕೊಂಡು ತರಕಾರಿಗೆ ಹೊರಟ. ಬಾಗಿಲು ಹಾಕಿಕೊಂಡ ಸದ್ದಾದ ಕೂಡಲೇ ಭಾನುಮತಿ ಎದ್ದಳು. ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೆಸಯೀದಿಗೆ ಒಯ್ಯುವ ಕ್ಯಾನ್‌ವಾಸ್ ಚೀಲ, ಅದರೊಳಗೆ ಹಳದಿ ಹೆಲ್ಮೆಟ್ಟು, ಹೆಲ್ಮೆಟ್ಟಿನೊಳಗೆ ಕೈಗವಸು, ಕೈಗವಸಿನ ಅಡಿಯಲ್ಲಿ ಅರಬ್ಬಿ ಪತ್ರಿಕೆಯ ತುಂಡಿನಲ್ಲಿ ಸುತ್ತಿದ ಪಾಸ್‌ಪೋರ್ಟು. ಸುಳ್ಳು ಹೇಳಿದ್ದಾನೆ ಎಂಬುದು ಅಲ್ಲಿಗೆ ಖಾತ್ರಿಯಾಯಿತು. ಖಾತ್ರಿಯಾದ ಮೇಲೂ ಅವಳು ಪುಟ ತೆರೆಯದೆ ಅದನ್ನು ಹಾಗೇ ಹಿಡಿದು ಕೂತಳು. ಸಹಿ ತಾಳೆ ನೋಡುವಾಗ ಅವಳಿಗೆ ಎಂದೂ ಹೀಗಾಗಿರಲಿಲ್ಲ. ಅಲ್ಲಿ ಹೋಗುತ್ತಿದ್ದದ್ದು ಬೇರೆಯವರ ದುಡ್ಡು.

ಹದಿನಾಲ್ಕನೆಯ ಪುಟದಲ್ಲಿ ಮುಂಬಯಿ ವಿಮಾನ ನಿಲ್ದಾಣದ ಮುದ್ರೆ, ಬಂದದ್ದಕ್ಕೆ: ೧೪ ನವೆಂಬರ್ ೧೯೯೬. ಹದಿನೈದನೆಯದರಲ್ಲಿ ಹೋದದ್ದಕ್ಕೆ: ೧೭ ಮಾರ್ಚ್ ೧೯೯೭.

ಅವಳು ಮುಷ್ಟಿ ಕಟ್ಟಿ ಬೆರಳಿನ ಗೆಣ್ಣುಗಳ ಮೇಲೆ ತಿಂಗಳು ಎಣಿಸಿದಳು. ಉಬ್ಬಿಗೆ ಮೂವತ್ತೊಂದು, ತಗ್ಗಿಗೆ ಮೂವತ್ತು. ನವೆಂಬರಿನಲ್ಲಿ ಹದಿನೇಳು. ಡಿಸೆಂಬರ್, ಜನವರಿ. ಫೆಬ್ರವರಿ ಇಪ್ಪತ್ತೆಂಟು. ಮಾರ್ಚಿನಲ್ಲಿ ಹದಿನೇಳು. ನೂರ ಇಪ್ಪತ್ನಾಲ್ಕು. ಅದಕ್ಕೆ ಅರವತ್ತು ಸೇರಿದರೆ ನೂರ ಎಂಬತ್ನಾಲ್ಕು. ಎರಡು ಸಲ ಎಣಿಸಿದಳು, ಎರಡು ಸಲವೂ ಅಷ್ಟೇ ಬಂತು.

ನೂರ ಇಪ್ಪತ್ನಾಲ್ಕು ದಿನ ತನ್ನ ಗಂಡ ತನ್ನದೇ ದೇಶದಲ್ಲಿದ್ದ. ಅವಳಿಗೆ ಮಾತ್ರ ಕತಾರಿನಲ್ಲಿದ್ದ. ಆ ನಾಲ್ಕು ತಿಂಗಳ ಕಾಗದಗಳ ಮೇಲೆ ಕತಾರಿನ ಸ್ಟಾಂಪಿತ್ತು, ದೋಹಾದ ಅಂಚೆ ಮುದ್ರೆಯಿತ್ತು. ಅವಳೇ ಸ್ಟಾಂಪು ಬಿಡಿಸಿ ಬ್ಯಾಂಕಿನ ಪ್ಯೂನನ ಮಗನಿಗೆ ಕೊಟ್ಟಿದ್ದಳು. ಫೋನು? ಭಾನುವಾರದ ಫೋನೂ ನೆನಪಾಯಿತು. ಕತಾರಿನಿಂದ ಬರುವ ಕರೆಯಲ್ಲಿ ಒಂದು ಮಾತಾಡಿ ಒಂದು ಉಸಿರು ಕಾಯಬೇಕಿತ್ತು, ಇಲ್ಲದಿದ್ದರೆ ಇಬ್ಬರ ಮಾತೂ ಡಿಕ್ಕಿ ಹೊಡೆಯುತ್ತಿದ್ದವು. ಆ ಚಳಿಗಾಲದಲ್ಲಿ ಮಾತ್ರ ಅವನ ಧ್ವನಿ ಪಕ್ಕದ ಬೀದಿಯಿಂದ ಬಂದಷ್ಟು ಸ್ಪಷ್ಟವಾಗಿತ್ತು. "ಏನ್ರೀ, ಇವತ್ತು ಎಷ್ಟು ಚೆನ್ನಾಗಿ ಕೇಳ್ತಿದೆ!" ಎಂದು ಅವಳು ಖುಷಿಪಟ್ಟಿದ್ದಳು. "ಹೊಸ ಸ್ಯಾಟಲೈಟ್ ಹಾಕಿದಾರಂತೆ," ಎಂದಿದ್ದ. ಹಾಲಿನವನನ್ನು ನಂಬದ ಹೆಂಗಸು ಆ ಸ್ಯಾಟಲೈಟನ್ನು ನಂಬಿದ್ದಳು. ನಂಬಿದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಇಳಿಮಧ್ಯಾಹ್ನದ ಅಸರ್ ನಮಾಜು ಮುಗಿದು ಅಂಗಡಿಗಳು ತೆರೆಯುವ ಹೊತ್ತಿಗೆ ಅವಳು ಪಾಸ್‌ಪೋರ್ಟನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಎರಡು ಗಲ್ಲಿ ಆಚೆಯ ಅಣ್ಣುವಿನ ಟೈಪಿಂಗ್ ಅಂಗಡಿಗೆ ನಡೆದಳು. ಅಣ್ಣು ಬಂಟ್ವಾಳದ ಕಡೆಯವನು, ಗಂಡನ ಹಳೆಯ ಗೆಳೆಯ, ಒಂದು ಕಾಲದಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿದ್ದವರು. ಅರಬ್ಬಿಯಲ್ಲಿ ಅರ್ಜಿ ಟೈಪು ಮಾಡುವುದು, ಜೆರಾಕ್ಸು, ವೀಸಾ ಫಾರಂ ತುಂಬುವುದು ಅವನ ಕಸುಬು. ದೋಹಾದಿಂದ ಒಬ್ಬರು ಕಾಗದ ಹಾಕಿರಬೇಕೆಂದರೆ ಅದು ಇವನೇ. ಬೇರೆ ಯಾರನ್ನು ಅವಳ ಗಂಡ ನಂಬುತ್ತಿದ್ದ?

"ಹದಿನಾಲ್ಕು-ಹದಿನೈದು ಒಂದು ಹಾಳೆ ಮಾಡಿಕೊಡಿ," ಎಂದು ಅವಳು ಪಾಸ್‌ಪೋರ್ಟ್ ಬಿಚ್ಚಿ ಮೇಜಿನ ಮೇಲಿಟ್ಟಳು.

ಅಣ್ಣು ನೋಡಿದ. ನೋಡಿ, ಮೆಷಿನ್ನಿನ ಕಡೆ ತಿರುಗದೆ, ಕುರ್ಚಿ ತೋರಿಸಿದ. "ಕೂತ್ಕೊಳ್ಳಿ ಅಕ್ಕ. ನೀರು ಬೇಕಾ?"

"ಬೇಡ. ಆ ಕಾಗದಗಳಿಗೆ ಸ್ಟಾಂಪ್ ಹಚ್ಚಿದ್ದು ನೀವೇ ತಾನೆ?"

"ಎಂತ ಕಾಗದ?" ಎಂದ ಅಣ್ಣು. ಆಮೇಲೆ ಅವಳ ಮುಖ ನೋಡಿ, ಎದುರಿಗಿದ್ದ ಅರಬ್ಬಿ ಟೈಪ್‌ರೈಟರಿಗೆ ಸುಮ್ಮನೆ ಹೊದಿಕೆ ಹಾಕಿದ. "ನಾನು ಹೇಳಿದ್ದು ಅಂತ ರಾಜಣ್ಣನಿಗೆ ಹೇಳ್ಬೇಡಿ ಮಾರಾಯ್ರೆ. ಅವರ ಕಂಪನಿ ನವೆಂಬರಲ್ಲಿ ಬಾಗಿಲು ಹಾಕಿತು. ಒಂದು ವಾರದೊಳಗೆ ಎಲ್ಲರನ್ನೂ ಪ್ಯಾಕ್ ಮಾಡಿ ಕಳಿಸಿದ್ರು. ಬಾಂಬೆಯಲ್ಲಿ ಇಳಿದವರು ಮುಂದೆ ಹೋಗ್ಲಿಲ್ಲ. ಮಾಟುಂಗದಲ್ಲಿ ನನ್ನ ಮಾವಂದು ಹೋಟೆಲ್ ಉಂಟಲ್ಲ, ಅಲ್ಲಿ ಕ್ಯಾಶಿನ ಗಲ್ಲದ ಮೇಲೆ ಕೂತ್ರು. ಹೋಟೆಲಿನ ಅಟ್ಟದ ಮೇಲೆ ಮಲಗೂದು. ಕಾಗದ ಬರ್ದು ನಂಗೆ ಕಳಿಸಿದ್ರು, ನಾನು ಇಲ್ಲಿಂದ ಹಾಕಿದೆ. ಕಂಪನಿ ಕೊಟ್ಟ ಅವರ ಲೆಕ್ಕದ ದುಡ್ಡು ನನ್ನ ಹತ್ರ ಇತ್ತು, ತಿಂಗಳು ತಿಂಗಳು ಡ್ರಾಫ್ಟ್ ಕಳಿಸಿದೆ. ಇಷ್ಟೇ ಅಕ್ಕ. ಬೇರೆ ಎಂತದೂ ಇಲ್ಲ."

"ಬೇರೆ ಏನಾದ್ರೂ ಇದೆಯಾ ಅಂತ ನಾನು ಕೇಳ್ಲಿಲ್ವಲ್ಲ."

ಅಣ್ಣು ಪೆಚ್ಚಾಗಿ ನಕ್ಕ. ಎದ್ದು ಹಾಳೆ ಜೆರಾಕ್ಸ್ ಮಾಡಿ ತಂದುಕೊಟ್ಟ. ದಿನಗಳನ್ನು ಅವನೂ ಲೆಕ್ಕ ಹಾಕಿರಬೇಕು, ಬಾಗಿಲವರೆಗೆ ಬಂದು ಮೆಲ್ಲಗೆ ಹೇಳಿದ: "ಬಂದ ದಿನ, ಹೋದ ದಿನ ಎರಡನ್ನೂ ಬಿಡಿ. ಅದು ವಿಮಾನದಲ್ಲಿ ಹೋಗ್ತದಲ್ಲ, ಲೆಕ್ಕಕ್ಕೆ ಹಿಡಿಬಾರ್ದು ಅಂತ ಕೆಲವು ಆಡಿಟರ್ಸ್ ಹೇಳ್ತಾರೆ. ನಾಲ್ಕು ದಿನ ಕಡಿಮೆ ಆಗ್ತದೆ, ನೂರ ಎಂಬತ್ತಕ್ಕೆ ನಿಲ್ತದೆ. ನಾನ್ ರೆಸಿಡೆಂಟ್ ಅಂತ ಹಾಕಿ ಖಲಾಸ್ ಮಾಡಿ."

ದಾರಿಯುದ್ದಕ್ಕೂ ಅವಳು ಅಣ್ಣು ಹೇಳಿದ್ದನ್ನು ಮಗುಚಿ ಮಗುಚಿ ನೋಡಿದಳು. ಕತೆಯಲ್ಲಿ ಒಂದು ಸಂದೂ ಇರಲಿಲ್ಲ, ಕಾಗದ, ದುಡ್ಡು, ಅಟ್ಟ, ಗಲ್ಲ ಎಲ್ಲವೂ ಅಚ್ಚುಕಟ್ಟಾಗಿ ಕೂತಿದ್ದವು. ಲ್ಯಾನ್ಸ್‌ಲಾಟನ ಹೆಂಡತಿಗೂ ಐದು ವರ್ಷ ಇಂಥದ್ದೇ ಅಚ್ಚುಕಟ್ಟಾದ ಕತೆ ಹೇಳಿದ್ದಿರಬೇಕು.

ಮನೆಗೆ ಬಂದಾಗ ಸಂಜನಾ ಸುಬೈದಾಳ ಮಕ್ಕಳ ಜೊತೆ ಟೀವಿ ನೋಡಲು ಹೋಗಿದ್ದಳು. ಯತಿರಾಜ್ ಚಾಪೆಯ ಮೇಲೆ ಕೂತು ಬೀನ್ಸ್ ನಾರು ತೆಗೆಯುತ್ತಿದ್ದ. ಕ್ಯಾನ್‌ವಾಸ್ ಚೀಲದ ಬಾಯಿ ತೆರೆದಿತ್ತು, ಹೆಲ್ಮೆಟ್ಟು ಹೊರಗಿತ್ತು. ಹುಡುಕಿದ್ದಾನೆ ಎಂದು ಅವಳಿಗೆ ಗೊತ್ತಾಯಿತು. ಹುಡುಕಿ ಸಿಗದೆ, ಕೇಳಲೂ ಆಗದೆ ಬೀನ್ಸ್ ಹಿಡಿದು ಕೂತಿದ್ದ.

ಅವಳು ಎದುರಿಗೆ ಕೂತು, ಆಡಿಟರ್ ಕಳಿಸಿದ ಫಾರಂ ಹರಡಿ, ಪಕ್ಕದಲ್ಲಿ ಪಾಸ್‌ಪೋರ್ಟು ಇಟ್ಟಳು.

"ಬಂದ ದಿನ ಹೋದ ದಿನ ಹಿಡಿದ್ರೆ ನೂರ ಎಂಬತ್ನಾಲ್ಕು. ಬಿಟ್ರೆ ನೂರ ಎಂಬತ್ತು. ಯಾವುದು ಬರೀಲಿ?"

ಯತಿರಾಜ್ ಕೈಯಲ್ಲಿದ್ದ ಬೀನ್ಸನ್ನು ತಟ್ಟೆಗೆ ಹಾಕಿದ. "ಅಣ್ಣು ಹೇಳಿದ್ನಾ?"

"ನಿಮ್ಮ ಪಾಸ್‌ಪೋರ್ಟೇ ಹೇಳ್ತು."

"ಅರವತ್ತು ಅಂತ ಬರಿ ಭಾನು. ಯಾರೂ ಕೇಳಲ್ಲ."

"ನಾನು ಕೇಳ್ತಿದೀನಲ್ಲ."

ಅವನು ಬೀನ್ಸಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಹೇಳತೊಡಗಿದ. ಕಂಪನಿ ಮುಚ್ಚಿದ್ದು, ವಾರದೊಳಗೆ ಕಳಿಸಿದ್ದು, ಮಾಟುಂಗದ ಹೋಟೆಲು, ಗಲ್ಲ, ಅಟ್ಟ. "ಜೂನಲ್ಲಿ ಸೈಟ್ ರಿಜಿಸ್ಟರ್ ಮಾಡ್ಸಿ ನಿಮ್ಮಣ್ಣನ ಮುಂದೆ ಮೀಸೆ ತಿರುವಿ ಬಂದಿದ್ದೆ. ಐದು ತಿಂಗಳಿಗೆ ಸೂಟ್‌ಕೇಸ್ ಹಿಡ್ಕೊಂಡು ಯಾವ ಮುಖ ಇಟ್ಕೊಂಡು ಬರ್ಲಿ? ಹೊಸ ವೀಸಾ ಹದಿನೈದು ದಿನದಲ್ಲಿ ಬರುತ್ತೆ ಅಂದ್ರು. ಬರುತ್ತೆ ಬರುತ್ತೆ ಅಂತ ನಾಲ್ಕು ತಿಂಗಳಾಯ್ತು. ಮೊದಲ್ನೇ ವಾರ ಹೇಳದೇ ಇದ್ದೋನು ಆಮೇಲೆ ಹೇಗೆ ಹೇಳೋದು?"

"ನನ್ನ ಹತ್ರ ಬರೋದಕ್ಕೂ ನಿಮಗೆ ಮುಖ ಬೇಕಿತ್ತಾ?" ಅವಳ ದನಿ ಒಡೆಯಿತು. ಒಡೆದದ್ದಕ್ಕೆ ಅವಳಿಗೇ ಸಿಟ್ಟು ಬಂದು ಮತ್ತೆ ಗಟ್ಟಿಯಾದಳು. "ಅಣ್ಣು ಹೇಳಿದ್ದನ್ನೇ ಹೇಳ್ತಿದೀರಿ. ಅದೇ ವಾರ, ಅದೇ ಗಲ್ಲ, ಅದೇ ಅಟ್ಟ. ಒಂದಕ್ಷರ ಆಚೆ ಈಚೆ ಇಲ್ಲ. ಇಬ್ರೂ ಕೂತು ಉರು ಹೊಡೆದ ಹಾಗಿದೆ. ಬ್ಯಾಂಕಲ್ಲಿ ಇಂಥ ಸಹಿ ಬಂದ್ರೆ ನಾನು ಪಾಸ್ ಮಾಡ್ತಿರ್ಲಿಲ್ಲ."

"ನಡೆದದ್ದೇ ಅಷ್ಟು. ಇನ್ನೇನು ಹೇಳ್ಲಿ?"

"ಅಣ್ಣುಗೆ ಗೊತ್ತಿಲ್ಲದ್ದು ಏನಾದ್ರೂ ಇದ್ರೆ ಹೇಳಿ."

ಬೀದಿಯಲ್ಲಿ ನೀರಿನ ಟ್ಯಾಂಕರು ಬಂದು ನಿಂತು ಪಂಪು ಶುರುವಾಯಿತು. ಅದರ ಸದ್ದು ನಿಲ್ಲುವವರೆಗೂ ಯತಿರಾಜ್ ಬೀನ್ಸಿನ ತಟ್ಟೆಯನ್ನೇ ನೋಡುತ್ತಿದ್ದ.

"ಮೈಸೂರಿಗೆ ಬಂದಿದ್ದೆ," ಎಂದ. "ಒಂದ್ಸಲ. ಜನವರಿ ಕೊನೇಲಿ. ಹೇಳ್ಬಿಡೋಣ, ಏನಾಗುತ್ತೋ ಆಗ್ಲಿ ಅಂತ ಹೊರಟೆ. ಬಸ್ ಸ್ಟ್ಯಾಂಡಲ್ಲಿ ಮುಖ ತೊಳ್ಕೊಂಡು ನಡ್ಕೊಂಡೇ ಬಂದೆ. ಅಗ್ರಹಾರದ ಸರ್ಕಲ್ ಹತ್ರ ಬರೋ ಹೊತ್ತಿಗೆ ಕಾಲು ಮುಂದಕ್ಕೆ ಹೋಗ್ಲಿಲ್ಲ. ಅಲ್ಲೇ ಕಬ್ಬಿನ ಹಾಲಿನ ಗಾಡಿ ಪಕ್ಕ ನಿಂತ್ಕೊಂಡೆ. ಸಂಜೆ ಸ್ಕೂಲ್ ಬಿಟ್ಟಿತ್ತು. ನೀನು ಸಂಜುನ ಕರ್ಕೊಂಡು ಎದುರಿಗಡೆಯಿಂದ ಬಂದೆ. ನಿನ್ನ ಚಪ್ಪಲಿ ಕಿತ್ತುಹೋಗಿತ್ತು, ಪಿನ್ ಹಾಕಿದ್ದೆ. ಕಾಲು ಎಳ್ಕೊಂಡು ಬರ್ತಿದ್ದೆ."

ಭಾನುಮತಿ ಮಿಸುಕಲಿಲ್ಲ. ಕಿತ್ತುಹೋದ ಚಪ್ಪಲಿ ಯಾರ ಕಾಲಿನಲ್ಲೂ ಇರಬಹುದು. ಪಿನ್ನು ಯಾರೂ ಹಾಕಬಹುದು.

"ಸಂಜು ನನ್ನ ನೋಡಿಬಿಟ್ಲು. 'ಅಮ್ಮಾ, ಅಪ್ಪ' ಅಂತ ಕೈ ತೋರಿಸಿದ್ಲು. ನಾನು ಗಾಡಿ ಹಿಂದಕ್ಕೆ ಸರ್ಕೊಂಡೆ. ನೀನು ತಿರುಗಿ ನೋಡ್ದೆ, ಯಾರೂ ಕಾಣ್ಲಿಲ್ಲ. ಇಲ್ಲಮ್ಮ, ಅಪ್ಪ ಅಲ್ಲಿದಾರೆ, ನಿಜವಾಗ್ಲೂ ಅಂತ ಅವಳು ಹಟ ಮಾಡಿದ್ಲು. ನೀನು ಅವಳ ಕೆನ್ನೆಗೆ ಹೊಡೆದೆ. ನಾನು ಅಲ್ಲೇ ಇದ್ದೆ ಭಾನು. ಹೊರಗೆ ಬರ್ಲಿಲ್ಲ."

ಆ ಏಟಿನ ವಿಷಯವನ್ನು ಅವಳು ಯಾರಿಗೂ ಹೇಳಿರಲಿಲ್ಲ, ಕಾಗದದಲ್ಲೂ ಬರೆದಿರಲಿಲ್ಲ. ಆದರೂ ಅವಳ ಬಾಯಿಂದ ಬಂದದ್ದು ಒಂದೇ ಮಾತು.

"ಯಾವ ಕೆನ್ನೆ?"

"ಎಡಗೆನ್ನೆ. ನಿನ್ನ ಬಲಗೈಲಿ ಅವಳ ಬ್ಯಾಗಿತ್ತು. ಅದನ್ನ ಕೆಳಗಿಟ್ಟು ಹೊಡೆದೆ."

ಹೌದು, ಕೆಳಗಿಟ್ಟಿದ್ದಳು. ಬ್ಯಾಗು ಮೋರಿಯ ಕಡೆ ವಾಲಿ ನೀರಿನ ಬಾಟಲಿ ಉರುಳಿತ್ತು. ಮಗು ಅಳದೆ ಆ ಬಾಟಲಿಯನ್ನು ಎತ್ತಿಕೊಂಡು ಮನೆಯವರೆಗೂ ಹಿಂದೆ ತಿರುಗಿ ತಿರುಗಿ ನೋಡುತ್ತ ಬಂದಿತ್ತು. ರಾತ್ರಿ ಊಟಕ್ಕೆ ಕೂತಾಗ ತಾನಾಗಿಯೇ, "ಅದು ಅಪ್ಪ ಅಲ್ಲಮ್ಮ," ಎಂದು ಒಪ್ಪಿಸಿತ್ತು. ಸುಳ್ಳನ್ನು ಬಿಡಿಸಿದೆನೆಂದು ಅಂದು ಭಾನುಮತಿಗೆ ಸಮಾಧಾನವಾಗಿತ್ತು.

ಹೆಣ್ಣೊಬ್ಬಳು ಇದ್ದಿದ್ದರೆ ಬೈಯಬಹುದಿತ್ತು, ಅಳಬಹುದಿತ್ತು, ಅಣ್ಣನಿಗೆ ಫೋನು ಮಾಡಬಹುದಿತ್ತು. ಈಗ ಬಂದದ್ದನ್ನು ಯಾವ ಬೀರುವಿನಲ್ಲಿ ಇಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಅವನ ಮೇಲಿನ ಸಿಟ್ಟು ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿರಲಿಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಬಂದು ಕೂತಿತ್ತು, ಅದು ತನ್ನ ಮೇಲಿನದು.

ಅವಳು ಪೆನ್ನು ತೆಗೆದುಕೊಂಡಳು. ದಿನಗಳ ಮನೆಯಲ್ಲಿ ನೂರ ಎಂಬತ್ನಾಲ್ಕು ಎಂದು ಬರೆದಳು. ಕೆಳಗೆ, ತನ್ನ ಫಾರಂನಲ್ಲಿ ಹಾಕಿದ್ದಂತೆಯೇ, ಅವನದರಲ್ಲೂ 'ರೆಸಿಡೆಂಟ್' ಎಂಬಲ್ಲಿ ಗುರುತು ಹಾಕಿದಳು.

"ತೊಂದ್ರೆ ಆಗುತ್ತೆ," ಎಂದ ಯತಿರಾಜ್, ತಲೆಕೆಳಗಾಗಿ ಓದುತ್ತ. "ಬಂದ ದಿನ ಲೆಕ್ಕಕ್ಕಿಲ್ಲ ಅಂತಾನೂ ವಾದ ಮಾಡಬಹುದು."

"ಬಂದಮೇಲೆ ಬಂದ ಹಾಗೇನೇ," ಎಂದಳು ಭಾನುಮತಿ. "ಸೈನ್ ಮಾಡಿ."

ಅವನು ಬೀನ್ಸಿನ ಕೈಯನ್ನು ಪಂಚೆಗೆ ಒರೆಸಿಕೊಂಡು ಸಹಿ ಹಾಕಿದ. ಅವಳು ಹಾಳೆಯನ್ನು ಎಳೆದುಕೊಂಡು, ಅಭ್ಯಾಸಬಲದಿಂದ, ಪಾಸ್‌ಪೋರ್ಟಿನ ಸಹಿಯ ಪಕ್ಕಕ್ಕೆ ಹಿಡಿದು ನೋಡಿದಳು. ಇಲ್ಲಿಯ 'ಯ' ಸ್ವಲ್ಪ ಅಗಲವಾಗಿತ್ತು, ಬಾಲ ಮೊಟಕಾಗಿತ್ತು. ಅಣ್ಣು ಕೊಟ್ಟ ಹಾಳೆಯನ್ನು ಹದಿಮೂರಕ್ಕೂ ಹದಿನಾರಕ್ಕೂ ನಡುವೆ ಸೇರಿಸಿ, ಎಲ್ಲವನ್ನೂ ಕವರಿಗೆ ಹಾಕಿದಳು.

ಬಾಗಿಲು ದೂಡಿಕೊಂಡು ಸಂಜನಾ ಬಂದಳು. ಕೈಯಲ್ಲಿ ಸುಬೈದಾ ಕೊಟ್ಟ ಬಾಳೆಹಣ್ಣಿನ ಚಿಪ್ಸು, ತುಟಿಯ ಮೇಲೆ ಉಪ್ಪು. "ಅಮ್ಮ, ಟೀವಿ ಫಿನಿಶ್ ಆಯ್ತು. ಆಂಟಿ ಈಸ್ ಕಾಲಿಂಗ್ ಯು."

"ಬಾ ಇಲ್ಲಿ."

ಮಗು ಬಂತು. ಭಾನುಮತಿ ಕೂತಲ್ಲಿಂದಲೇ ಬಲಗೈ ಎತ್ತಿ ಅವಳ ಎಡಗೆನ್ನೆಯ ಮೇಲಿಟ್ಟಳು. ಅಂಗೈಯಲ್ಲಿ ಪೆನ್ನಿನ ಶಾಯಿಯ ವಾಸನೆ ಇನ್ನೂ ಇತ್ತು. ಸಂಜನಾ ಚಿಪ್ಸು ಅಗಿಯುವುದನ್ನು ನಿಲ್ಲಿಸಿದಳು. ಅಮ್ಮನ ಮುಖವನ್ನು ನೋಡಿದಳು, ತಲೆ ತಗ್ಗಿಸಿ ಕೂತಿದ್ದ ಅಪ್ಪನನ್ನು ನೋಡಿದಳು, ಮತ್ತೆ ಅಮ್ಮನನ್ನು ನೋಡಿದಳು.

"ನಾನೇನೂ ಹೇಳಿಲ್ಲಮ್ಮ," ಎಂದು ಅವಳು ಒಂದು ಹೆಜ್ಜೆ ಹಿಂದಕ್ಕೆ ಸರಿದಳು.

ಭಾನುಮತಿಯ ಕೈ ಅದೇ ಎತ್ತರದಲ್ಲಿ ಹಾಗೇ ಉಳಿದಿತ್ತು.